ಜಾಲದಿಂದ ಎಚ್ಚರಗೊಳ್ಳುವ ಗಣಕಯಂತ್ರ

ಗಣಕಯಂತ್ರದ ಗುಂಡಿಯನ್ನೊತ್ತಿದ ಮೇಲೆ ಪರದೆಯಲ್ಲಿ ಚಿತ್ರ ಮೂಡುವವರೆಗೆ ಅದರೊಳಗೆ ಏನು ನಡೆಯುವದೆಂದು ನಮ್ಮ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವದುಂಟು. ಪ್ರಶ್ನೆ ಸಣ್ಣದಾದರೂ ಅದರಲ್ಲೊಂದು ಸ್ವಾರಸ್ಯವಾದ ತೊಡಕಿದೆ. ಯಂತ್ರವು ಕೆಲಸ ಮಾಡಬೇಕಾದರೆ ಅದರ ಸ್ಮರಣೆಯಲ್ಲಿ ಕಾರ್ಯವ್ಯವಸ್ಥೆ ಇರಬೇಕು. ಕಾರ್ಯವ್ಯವಸ್ಥೆಯನ್ನು ಸ್ಮರಣೆಗೆ ತರಬೇಕಾದರೆ ಯಂತ್ರವು ಮೊದಲೇ ಕೆಲಸ ಮಾಡುತ್ತಿರಬೇಕು! ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳಲೆತ್ನಿಸುವ ಮನುಷ್ಯನ ಪಾಡು ಇದು. ಆ ಮಾತಿನಿಂದಲೇ ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದಿತು. ಮುಖ್ಯ ಫಲಕದ ಚಿಪ್‌ನಲ್ಲಿ ಬರೆದಿಟ್ಟ ಚಿಕ್ಕದೊಂದು ಕ್ರಮವಿಧಿ ಈ ತೊಡಕನ್ನು ಬಿಡಿಸುವದು. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಕಾರ್ಯವ್ಯವಸ್ಥೆ ಎಲ್ಲಿ ದೊರೆತೀತೆಂದು ಅದು ಒಂದು ಪಟ್ಟಿಯ ಅನುಕ್ರಮದಂತೆ ಹುಡುಕುತ್ತ ಹೋಗುವದು.

ಆ ಪಟ್ಟಿಯ ಮೊದಲಲ್ಲಿ ಸಾಮಾನ್ಯವಾಗಿ ಯಂತ್ರದೊಳಗಿನ ಡಿಸ್ಕು ಇರುವದು. ಅದರ ಸ್ಥಾನದಲ್ಲಿ ಜಾಲವನ್ನೂ ಇಡಬಹುದು. ಕುಪವಾಡ ಎಂಐಡಿಸಿಯಲ್ಲಿ ದುಡಿಯುವ ಪಾಲಕರಿಗೆ ಇದನ್ನು ತಿಳಿಯಹೇಳುವದು ಕಷ್ಟವಲ್ಲ. ಕೆಲಸಗಾರನು ಅಳತೆಯ ಸಾಧನಗಳನ್ನು ಮನೆಯಿಂದ ಹೊತ್ತು ತರುವದಿಲ್ಲ. ಪಾಳಿಗೆ ಬಂದೊಡನೆ ಕಾರಖಾನೆಯ ಉಗ್ರಾಣದಲ್ಲಿ ಹೆಸರು ಹೇಳಿ ಪಡೆಯುತ್ತಾನೆ. ಅದರಂತೆಯೇ, ಎಚ್ಚರಗೊಂಡ ಯಂತ್ರವು ತಂತಿಯ ಮೂಲಕ “ನನ್ನ ವಿಳಾಸವೇನು, ನನ್ನ ಕಡತವೆಲ್ಲಿ?” ಎಂದು ಕೂಗುವದು. ಸರ್ವರ್ ಎಂಬ ಮುಖ್ಯ ಗಣಕವು ಅದಕ್ಕೊಂದು ಅಂಕಿಯ ವಿಳಾಸವನ್ನೂ ಕಡತದ ಹೆಸರನ್ನೂ ಕೊಡುವದು. ಯಂತ್ರವು ಆ ಕಡತವನ್ನು ತರಿಸಿಕೊಂಡು, ಅದರ ಸಹಾಯದಿಂದ ಉಳಿದುದೆಲ್ಲವನ್ನೂ ತರಿಸಿಕೊಳ್ಳುವದು. ಈ ಸಂಭಾಷಣೆಗೆ 1985ರಲ್ಲಿ ಬೂಟ್‌ಪಿ ಎಂಬ ನಿಯಮಾವಳಿಯೂ 1993ರಲ್ಲಿ ಡಿಎಚ್‌ಸಿಪಿಯೂ ಬಂದವು. ಇವನ್ನು ಆಧರಿಸಿದ ಪಿಎಕ್ಸ್‌ಇ ಎಂಬ ಪದ್ಧತಿಯ 2.1ನೆಯ ಆವೃತ್ತಿಯನ್ನು ಇಂಟೆಲ್ ಸಂಸ್ಥೆ 1999ರಲ್ಲಿ ಪ್ರಕಟಿಸಿತು.

ಶಾಲೆಗಳಿಗೆ ಇದರಿಂದೇನು ಪ್ರಯೋಜನ? ಕಚೇರಿಗಳವರು ಹಳೆಯ ಯಂತ್ರಗಳನ್ನು ದಾನ ಕೊಡುವಾಗ ಲೆಕ್ಕಪತ್ರಗಳ ಗೋಪ್ಯಕ್ಕಾಗಿ ಡಿಸ್ಕನ್ನು ತೆಗೆದಿಟ್ಟುಕೊಳ್ಳುವದು ವಾಡಿಕೆ. ಅದು ನ್ಯಾಯವೂ ಹೌದು. ಅಂಥ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಒಂದು ಒಳ್ಳೆಯ ಸರ್ವರ್, ಒಂದು ಸ್ವಿಚ್ಚು, ತಂತಿಗಳು ಇದ್ದರೆ ಸಾಕು. ಅವೆಲ್ಲವೂ ಜಾಲದಿಂದಲೇ ಎದ್ದು ನಿಲ್ಲುವವು. ಎಲ್‌ಟಿಎಸ್‌ಪಿ ಎಂಬ ಉಚಿತ ತಂತ್ರಾಂಶವು ಇದಕ್ಕೆಂದೇ ಇದೆ. ಪಾಲಕರ ವಂತಿಗೆಯಿಂದ ನಡೆಯುವ ಸಂಸ್ಥೆಗಳಿಗೆ ಇದು ಸಣ್ಣ ಉಳಿತಾಯವಲ್ಲ.

ಮಾಡುವ ಬಗೆ ಸುಲಭ. ಯಂತ್ರವನ್ನು ಹಚ್ಚಿದ ಕೂಡಲೆ ಎಫ್2 ಅಥವಾ ಡಿಲೀಟ್ ಕೀಲಿಯನ್ನೊತ್ತಿದರೆ (ಕೀಲಿ ತಯಾರಕರನ್ನನುಸರಿಸಿ ಬೇರೆಯಾಗುವದು) ಸೆಟಪ್ ಪುಟ ತೆರೆಯುವದು. ಅಲ್ಲಿ ‘ನೆಟ್‌ವರ್ಕ್ ಸ್ಟ್ಯಾಕ್’ ಅಥವಾ ‘ಪಿಎಕ್ಸ್‌ಇ’ ಎಂಬುದನ್ನು ಸಕ್ರಿಯಗೊಳಿಸಿ, ಬೂಟ್ ಅನುಕ್ರಮದಲ್ಲಿ ಜಾಲವನ್ನು ಮೊದಲ ಸ್ಥಾನಕ್ಕೇರಿಸಿ, ಬದಲಾವಣೆಯನ್ನು ಉಳಿಸಬೇಕು. ಬಯಾಸ್ ಯಂತ್ರಕ್ಕೆ ಒಂದು ಕಡತ, ಯುಇಎಫ್‌ಐ ಯಂತ್ರಕ್ಕೆ ಮತ್ತೊಂದು ಬೇಕಾಗುವದೆಂಬುದನ್ನು ಸರ್ವರ್ ನೋಡಿಕೊಳ್ಳುವವರು ಮರೆಯಕೂಡದು. ನಿಸ್ತಂತು ಸಂಪರ್ಕವು ಸಾಮಾನ್ಯವಾಗಿ ಇದಕ್ಕೆ ಒದಗುವದಿಲ್ಲ.

ಡಿಸ್ಕು ಇರುವ ಯಂತ್ರಗಳ ವಿಷಯ ಬೇರೆ. ಅವುಗಳಲ್ಲಿ ಜಾಲವನ್ನು ಕಾಯಮಾಗಿ ಮೊದಲಿಗಿಡುವದನ್ನು ನಾವು ಒಪ್ಪುವದಿಲ್ಲ. ಸರ್ವರ್ ನಿಂತಿದ್ದರೆ ಯಂತ್ರವು ಉತ್ತರಕ್ಕಾಗಿ ಕಾದು ಕಾದು ಆಮೇಲೆ ಡಿಸ್ಕಿನತ್ತ ಹೊರಳುವದು. ಇದು ಬರೀ ಕಾಲಹರಣ. ನಿಜವಾದ ಅಪಾಯ ಇನ್ನೊಂದು. ಕಾರ್ಯವ್ಯವಸ್ಥೆಯನ್ನು ಯಾರನ್ನೂ ಕೇಳದೆ ಹೊಸದಾಗಿ ಸ್ಥಾಪಿಸುವಂತೆ ಸರ್ವರನ್ನು ಅಣಿಗೊಳಿಸಿದ್ದರೆ, ಯಂತ್ರವನ್ನು ಹಚ್ಚಿದಾಗಲೆಲ್ಲ ಡಿಸ್ಕು ಅಳಿಸಿಹೋಗಿ ಮಕ್ಕಳು ಬರೆದಿಟ್ಟ ಪಾಠಗಳೂ ಅಳಿಯುವವು. ಅಂಥಲ್ಲಿ ಒಂದು ಸಲಕ್ಕೆ ಮಾತ್ರ ಜಾಲವನ್ನು ಆರಿಸಿಕೊಳ್ಳುವ ಕೀಲಿಯನ್ನು, ಅನೇಕ ಯಂತ್ರಗಳಲ್ಲಿ ಅದು ಎಫ್12, ಬಳಸುವದು ಲೇಸು. ಇದಲ್ಲದೆ ಎಚ್ಚರಗೊಳ್ಳುವ ಯಂತ್ರವು ತನಗೆ ಉತ್ತರ ಕೊಟ್ಟವರು ಯಾರೆಂದು ಸಾಮಾನ್ಯವಾಗಿ ವಿಚಾರಿಸುವದಿಲ್ಲ. ಆದುದರಿಂದ ತರಗತಿಯ ಜಾಲವನ್ನು ಬೇರೆಯಾಗಿಡಬೇಕು, ಸೆಟಪ್ ಪುಟಕ್ಕೆ ಗುಪ್ತಪದ ಹಾಕಬೇಕು.

ಡಿಸ್ಕಿಲ್ಲದ ಯಂತ್ರಗಳಲ್ಲಿ ಮಕ್ಕಳ ಬರಹವೆಲ್ಲ ಸರ್ವರಿನಲ್ಲಿಯೇ ಇರುವದರಿಂದ, ವಿದ್ಯುತ್ತು ಹೋದಾಗ ಅದನ್ನು ಕಾಯುವ ಬ್ಯಾಟರಿಯ ವೆಚ್ಚವನ್ನು ಸಂಸ್ಥೆಯವರು ಮೊದಲೇ ಲೆಕ್ಕಕ್ಕೆ ಹಿಡಿಯತಕ್ಕದ್ದು. ವಾರಕ್ಕೊಮ್ಮೆ ಆ ಬರಹಗಳ ನಕಲನ್ನು ತೆಗೆದು ಬೇರೊಂದು ಡಿಸ್ಕಿನಲ್ಲಿ ಇಡತಕ್ಕದ್ದು.