ಕ್ಯಾಮರೂನ್: ಒಂದೇ ದೇಶದಲ್ಲಿ ಎಚ್‌ಐವಿಯ ಹಲವು ತಳಿಗಳು

ಎಚ್‌ಐವಿ-1ರ ಎಂ, ಎನ್, ಒ, ಪಿ ಎಂಬ ನಾಲ್ಕೂ ಗುಂಪುಗಳು ಮಧ್ಯ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಪತ್ತೆಯಾಗಿವೆ. ಜಗತ್ತಿನ ಬಹುಪಾಲು ಸೋಂಕಿಗೆ ಕಾರಣ ಎಂ ಗುಂಪು. ಅದರ ಮೂಲ ಆಗ್ನೇಯ ಕ್ಯಾಮರೂನ್‌ನ ಚಿಂಪಾಂಜಿಗಳ ವೈರಾಣು. ಎನ್ ವರದಿಯಾದದ್ದು 1998ರಲ್ಲಿ, ಪಿ 2009ರಲ್ಲಿ.

ಒಬ್ಬರ ದೇಹಕ್ಕೆ ಎರಡು ತಳಿಗಳು ಹೊಕ್ಕರೆ ಅವುಗಳ ಆರ್‌ಎನ್‌ಎ ಭಾಗಗಳು ಬೆರೆತು ಮಿಶ್ರತಳಿ ಹುಟ್ಟಬಹುದು. ಕ್ಯಾಮರೂನ್‌ನಲ್ಲಿ ಅತಿ ಹೆಚ್ಚು ಹರಡಿರುವುದು ಅಂಥದ್ದೇ ಒಂದು: ಸಿಆರ್‌ಎಫ್02-ಎಜಿ.

ರೋಗಿಗೆ ಮುಖ್ಯವಾದ ಅಂಶ ಒ ಗುಂಪಿನದು. ಆರಂಭದ ಕೆಲವು ರಕ್ತಪರೀಕ್ಷೆಗಳು ಈ ಸೋಂಕನ್ನು ಗುರುತಿಸದೆ ಬಿಟ್ಟಿದ್ದವು. ಈ ಗುಂಪಿನ ಅನೇಕ ವೈರಾಣುಗಳಿಗೆ ನೆವಿರಾಪಿನ್‌ನಂಥ ಔಷಧಗಳ ವಿರುದ್ಧ ಸಹಜ ಪ್ರತಿರೋಧವೂ ಇದೆ.