ಹಿಂದಿಯೋ, ಕೈಕೆಲಸವೋ: ಕಾರ್ಗಲ್ಲಿನ ಎಂಟನೇ ಕ್ಲಾಸಿನ ಹುಡುಗಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಬರುವ ಜೂನ್‌ಗೆ ನೀನು ಒಂಬತ್ತನೇ ಕ್ಲಾಸು. ಮನೆಯಲ್ಲಿ ಈಗಲೇ ಎರಡು ಪಕ್ಷವಾಗಿದೆಯಂತೆ. ಹಿಂದಿ ಬಿಟ್ಟು ವೃತ್ತಿ ವಿಷಯ ತೆಗೆದುಕೊಂಡರೆ ಹುಡುಗಿ ಹಿಂದೆ ಬಿದ್ದಳು ಅಂತಲೇ ಲೆಕ್ಕ ಎನ್ನುವವರು ಒಂದು ಕಡೆ. ಹಿಂದಿಯಲ್ಲಿ ಮಾರ್ಕ್ಸ್ ಬರುವುದಿಲ್ಲ, ಬಿಡಿಸಿಬಿಡಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಮಾತಾಡುತ್ತಿರುವುದು ಅಂಕದ ಬಗ್ಗೆ. ಆ ಪಿರಿಯಡ್ಡಿನಲ್ಲಿ ಏನು ಕಲಿಸುತ್ತಾರೆ, ನಿನಗೆ ಯಾವುದರಲ್ಲಿ ಕೈ ಓಡುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಅದಕ್ಕೇ ಈ ಪತ್ರ. ನಿನ್ನ ಜೊತೆ ಬಸ್ಸು ಕಾಯುವ ಜೋಗದ, ಅರಳಗೋಡಿನ, ತಾಳಗುಪ್ಪದ ಮಕ್ಕಳಿಗೂ ಓದಲು ಕೊಡು.

ಮೊದಲು ಲೆಕ್ಕ ತಿಳಿದುಕೊ. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಲ್ಲರಿಗೂ ಇದ್ದದ್ದೇ. ಆಯ್ಕೆಗೆ ನಿಜವಾಗಿ ಜಾಗ ಇರುವುದು ತೃತೀಯ ಭಾಷೆಯಲ್ಲಿ. ನಮ್ಮ ಕಡೆಯ ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಅದು ಹಿಂದಿ. 2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎನ್‌ಎಸ್‌ಕ್ಯೂಎಫ್ ಎಂಬ ಕೌಶಲ ಅರ್ಹತಾ ಚೌಕಟ್ಟನ್ನು ಜಾರಿಗೆ ತಂದಿತು. ಅದರಡಿ ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ಕ್ಲಾಸಿನಿಂದ ತೃತೀಯ ಭಾಷೆಯ ಬದಲಿಗೆ ಒಂದು ವೃತ್ತಿ ವಿಷಯ ಓದಬಹುದು. ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಹೆಲ್ತ್ ಕೇರ್, ಬ್ಯೂಟಿ ಆ್ಯಂಡ್ ವೆಲ್‌ನೆಸ್, ಸಿದ್ಧ ಉಡುಪು, ಎಲೆಕ್ಟ್ರಾನಿಕ್ಸ್ ಆ್ಯಂಡ್ ಹಾರ್ಡ್‌ವೇರ್ ಆ ಪಟ್ಟಿಯಲ್ಲಿವೆ. ಒಂದು ಶಾಲೆಯಲ್ಲಿ ಇದೆಲ್ಲ ಸಿಗುವುದಿಲ್ಲ, ಒಂದೆರಡು ಇದ್ದರೆ ಹೆಚ್ಚು. ಪರೀಕ್ಷಾ ಮಂಡಳಿಯ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನವೇ ಇವುಗಳ ಪರೀಕ್ಷೆಯೂ ಬರುತ್ತದೆ. ಪಿಯುಸಿ ವೇಳಾಪಟ್ಟಿಯಲ್ಲೂ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಹೆಲ್ತ್ ಕೇರ್ ಇವೆ. ಅಲ್ಲೇ ಪಕ್ಕದಲ್ಲಿ ಹಿಂದೂಸ್ತಾನಿ ಸಂಗೀತವೂ ಇದೆ.

ಹಾಗಾಗಿ ವೃತ್ತಿ ವಿಷಯ ತೆಗೆದುಕೊಂಡವಳಿಗೆ ಗಣಿತವೂ ತಪ್ಪುವುದಿಲ್ಲ, ವಿಜ್ಞಾನವೂ ತಪ್ಪುವುದಿಲ್ಲ. ಮುಂದೆ ಪಿಯುಸಿ ಸೈನ್ಸ್‌ಗೂ ಹೋಗಬಹುದು, ಡಿಪ್ಲೊಮಾಕ್ಕೂ ಹೋಗಬಹುದು. ಮನೆಯವರ ಭಯದಲ್ಲಿ ಅರ್ಧ ಇಲ್ಲಿಗೇ ಮುಗಿಯಬೇಕು.

ಇನ್ನು ನೀನಿರುವ ಊರನ್ನೇ ನೋಡು. ಕಾರ್ಗಲ್ ಈಗಿನ ರೂಪಕ್ಕೆ ಬಂದದ್ದೇ ಶರಾವತಿಯ ಕರೆಂಟಿನಿಂದ. ಇಂದು ಮಹಾತ್ಮಾ ಗಾಂಧಿ ವಿದ್ಯುದಾಗಾರ ಎನ್ನುವ ಜೋಗದ ಪವರ್‌ಹೌಸ್ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ ಒಂದೊಂದೂ 103.5 ಮೆಗಾವ್ಯಾಟಿನ ಹತ್ತು ಯಂತ್ರಗಳು ತಿರುಗುತ್ತವೆ. ಒಟ್ಟು 1035 ಮೆಗಾವ್ಯಾಟ್. ಇದಕ್ಕಾಗಿ ಮನೆ, ತೋಟ, ಗದ್ದೆ ಮುಳುಗಿಸಿಕೊಂಡ ಕುಟುಂಬಗಳ ಮಕ್ಕಳು ನಿನ್ನ ತರಗತಿಯಲ್ಲೇ ಇದ್ದಾರು. ನಕ್ಷೆ ಹಾಕಿದ ಎಂಜಿನಿಯರುಗಳ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ನೀರು ಇಳಿಸುವ ಪೆನ್‌ಸ್ಟಾಕ್ ಕೊಳವೆ ಕೂಡಿಸಿದ ವೆಲ್ಡರು, ಫಿಟ್ಟರು, ಕ್ರೇನು ನಡೆಸಿದವರು, ತಂತಿ ಸುತ್ತಿದ ಎಲೆಕ್ಟ್ರಿಷಿಯನ್ನರ ಹೆಸರು ಎಲ್ಲೂ ಸಿಗುವುದಿಲ್ಲ. ಆದರೂ ಅವರ ಕೆಲಸ ಇವತ್ತಿಗೂ ತಿರುಗುತ್ತಿದೆ. ಯಂತ್ರ ತಿರುಗಿಸುವ ಪೆಲ್ಟನ್ ಚಕ್ರದ ಬಟ್ಟಲುಗಳು ನೀರಿನ ಹೊಡೆತಕ್ಕೆ ಸವೆದಾಗ ವೆಲ್ಡಿಂಗ್ ಮಾಡಿ ತುಂಬಿ, ಉಜ್ಜಿ, ಮತ್ತೆ ಆಕಾರಕ್ಕೆ ತರುವುದು ಇಂದಿಗೂ ಪಳಗಿದ ಕೈಯ ಕೆಲಸ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆದಾಗ ಊರಿಗೆ ಊರೇ ನೋಡಲು ಹೋಯಿತಲ್ಲ, ಅದರ ಕೇಬಲ್ ಬಿಗಿದವರೂ ಇಂಥವರೇ.

ಕೈಕೆಲಸ ಎಂದರೆ ಯಂತ್ರ ಮಾತ್ರ ಎಂದು ತಿಳಿಯಬೇಡ. ಸಾಗರದಾಚೆ ಹೆಗ್ಗೋಡಿಗೆ ಒಮ್ಮೆ ಹೋಗಿ ಬಾ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಂ ಎಂಬ ನಾಟಕ ಸಂಸ್ಥೆ ಅಲ್ಲಿದೆ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು, 1985ರಿಂದ ತಿರುಗಾಟದ ತಂಡ ನಾಟಕ ಹೊತ್ತು ಕರ್ನಾಟಕ ಸುತ್ತುತ್ತಿದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಕಲಿತು ಸಿನಿಮಾಕ್ಕೆ ಹೋದ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ನಿನಗೆ ಗೊತ್ತು. ಆದರೆ ನಾಟಕ ನೋಡುವಾಗ ನಟರನ್ನು ಮಾತ್ರ ನೋಡಬೇಡ. ಬೆಳಕು ಹಾಕುವವರಿಗೆ ಯಾವ ಲೈಟು ಎಷ್ಟು ಕರೆಂಟು ಎಳೆಯುತ್ತದೆ ಎಂಬುದು ಗೊತ್ತಿರಬೇಕು. ರಂಗಸಜ್ಜಿಕೆ ಕಟ್ಟುವವರಿಗೆ ಮರಗೆಲಸ ಬರಬೇಕು. ಅದು ರಾತ್ರಿಯೇ ಬಿಚ್ಚಿ ಲಾರಿಗೆ ಏರುವಂತಿರಬೇಕು. ಉಡುಪು ಹೊಲಿಯುವವರಿಗೆ ಅಳತೆಯ ಜೊತೆಗೆ ಕಥೆಯೂ ಗೊತ್ತಿರಬೇಕು. ಶಾಲೆಯ ಪಟ್ಟಿಯಲ್ಲಿ ಬೇರೆ ಬೇರೆ ಕೂತಿರುವ ಸಿದ್ಧ ಉಡುಪು, ಎಲೆಕ್ಟ್ರಾನಿಕ್ಸ್, ಸಂಗೀತ ಅಲ್ಲಿ ಒಂದೇ ರಾತ್ರಿ, ಒಂದೇ ವೇದಿಕೆಯಲ್ಲಿ ದುಡಿಯುತ್ತವೆ.

ಹಾಗೇ ಚರಕಕ್ಕೂ ಹೋಗು. ರಂಗನಿರ್ದೇಶಕ ಪ್ರಸನ್ನ ಅವರು 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಸೇರಿಸಿ ಕಟ್ಟಿದ ಕೈಮಗ್ಗದ ಸಹಕಾರಿ ಸಂಘ ಅದು. ಅಲ್ಲಿ ಬಟ್ಟೆಗೆ ಬಣ್ಣ ಹಾಕಲು ಬಳಸುವ ವಸ್ತುಗಳಲ್ಲೊಂದು ನಿನ್ನ ಮನೆಯಂಗಳದ್ದೇ: ಅಡಿಕೆ ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು ರಸದಲ್ಲಿ ಟ್ಯಾನಿನ್ ಇದೆ. ಕಬ್ಬಿಣದ ಲವಣ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಪಟಿಕ ಸೇರಿಸಿದರೆ ಬೇರೆ ಛಾಯೆ. ರಸಾಯನಶಾಸ್ತ್ರದ ಪಾಠ ಇದಕ್ಕಿಂತ ಹತ್ತಿರ ಬರುವುದು ಕಷ್ಟ. ಇನ್ನೊಂದು ಮಾತನ್ನೂ ಗಮನಿಸು. ಆ ಬಟ್ಟೆ ಜನರಿಗೆ ತಲುಪಿದ್ದು ‘ದೇಸಿ’ ಮಳಿಗೆಗಳ ಮೂಲಕ. ನೇಯುವುದು ಎಷ್ಟು ಮುಖ್ಯವೋ ಲೆಕ್ಕ ಬರೆದು, ದಾಸ್ತಾನು ನೋಡಿಕೊಂಡು, ಗಿರಾಕಿಯ ಜೊತೆ ಮಾತಾಡಿ ಮಾರುವುದೂ ಅಷ್ಟೇ ಮುಖ್ಯ. ‘ರಿಟೇಲ್ ಎಂದರೆ ಅಂಗಡಿಯಲ್ಲಿ ನಿಲ್ಲುವುದು’ ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳು.

ದೀವರ ಮನೆಗಳ ಹಸೆ ಚಿತ್ತಾರವನ್ನು ನೀನು ಮದುವೆ ಮನೆಗಳಲ್ಲಿ ನೋಡಿರಬೇಕು. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಆ ಗೆರೆಗಳಲ್ಲಿ ಸಮಾನಾಂತರ, ಸಮಮಿತಿ ಎಲ್ಲವೂ ಇದೆ, ಅಳತೆಪಟ್ಟಿ ಮಾತ್ರ ಇಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯುವ ಹಿರಿಯ ಹೆಂಗಸರು ಇನ್ನೂ ನಮ್ಮ ಸುತ್ತ ಇದ್ದಾರೆ. ಅವರಿಂದ ಕಲಿಯಲು ಸರ್ಕಾರಿ ಆದೇಶ ಬೇಕಿಲ್ಲ.

ಹೊರಗಿನದೊಂದು ಉದಾಹರಣೆ. ಫಿನ್ಲೆಂಡಿನಲ್ಲಿ 1866ರಿಂದಲೇ ಕೈಕೆಲಸ ಶಾಲೆಯ ಪಾಠ. ಮರಗೆಲಸ, ಹೊಲಿಗೆ ಎರಡೂ ಹುಡುಗ ಹುಡುಗಿ ಎನ್ನದೆ ಏಳನೇ ತರಗತಿಯವರೆಗೆ ಕಡ್ಡಾಯ, ಆಮೇಲೆ ಐಚ್ಛಿಕ. ನಮ್ಮಲ್ಲೂ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಇದನ್ನೇ ನಯೀ ತಾಲೀಮ್ ಎಂದು ಮುಂದಿಟ್ಟರು. ವಿಶ್ವೇಶ್ವರಯ್ಯನವರಂತೂ ಭದ್ರಾವತಿ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟುಬಿಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಅಷ್ಟು ದೊಡ್ಡ ಎಂಜಿನಿಯರಿಗೆ ಕಸುಬು ಕೀಳೆನಿಸಲಿಲ್ಲ. ಅದು ಕೀಳೆನಿಸಿದ್ದು ಆಮೇಲೆ ಬಂದ ನಮಗೆ. ನಮ್ಮ ಹಳೆಯ ಹೈಸ್ಕೂಲುಗಳಲ್ಲಿ ಹೊಲಿಗೆ, ನೇಯ್ಗೆ, ತೋಟಗಾರಿಕೆ ಕಲಿಸುವ ವೃತ್ತಿ ಶಿಕ್ಷಕರಿದ್ದರು. ಆ ಪಿರಿಯಡ್ಡುಗಳನ್ನು ಗಣಿತಕ್ಕೂ ಇಂಗ್ಲಿಷಿಗೂ ಬಿಟ್ಟುಕೊಟ್ಟವರು ದೊಡ್ಡವರೇ.

ಈಗ ನಿನ್ನ ಆಯ್ಕೆಗೆ ಬರೋಣ. ವಿಷಯದ ಹೆಸರು ನೋಡಿ ಮರುಳಾಗಬೇಡ. ಮೊದಲು ಆ ವಿಷಯದ ಕೋಣೆಗೆ ಹೋಗಿ ಬಾಗಿಲು ತೆಗೆಸಿ ನೋಡು. ಉಪಕರಣಗಳ ಮೇಲೆ ಧೂಳು ಕೂತಿದೆಯೋ, ಕೈ ಓಡಾಡಿದ ಗುರುತಿದೆಯೋ? ಕಲಿಸುವವರು ವರ್ಷಪೂರ್ತಿ ಇರುತ್ತಾರೋ, ಅತಿಥಿಗಳಾಗಿ ಬಂದು ನಡುವೆ ಹೋಗುತ್ತಾರೋ? ಹತ್ತನೇ ಕ್ಲಾಸಿನ ಅಕ್ಕಂದಿರನ್ನು ಕೇಳು, ಅವರು ನಿಜ ಹೇಳುತ್ತಾರೆ. ಪುಸ್ತಕ ಓದಿಸಿ ಪ್ರಾಕ್ಟಿಕಲ್ ಅಂಕ ಹಂಚುವ ಕಡೆಯಾದರೆ ಹಿಂದಿಯನ್ನೇ ಚೆನ್ನಾಗಿ ಓದು. ಒಂದು ಭಾಷೆ ಬಂದರೆ ನಷ್ಟವಿಲ್ಲ. ಮುಂದೆ ಹೊರರಾಜ್ಯದಲ್ಲಿ ದುಡಿಯುವ, ಹಿಂದಿ ಸಾಹಿತ್ಯ ಓದುವ ಆಸೆ ಇದ್ದರಂತೂ ಬಿಡಬೇಡ. ಹಿಂದಿ ಕಷ್ಟ ಎಂಬ ಒಂದೇ ಕಾರಣಕ್ಕೆ ಆಟೊಮೊಬೈಲ್ ಸೇರಿದವರಿಗೆ ಎಂಜಿನ್ನಿನ ಬಗ್ಗೆ ಕುತೂಹಲ ಹುಟ್ಟದಿದ್ದರೆ ಎರಡು ವರ್ಷ ಉದ್ದವಾಗುತ್ತದೆ.

ಹುಡುಗಿ ಎಂದು ನಿನಗೆ ಬ್ಯೂಟಿ ಆ್ಯಂಡ್ ವೆಲ್‌ನೆಸ್, ತಮ್ಮನಿಗೆ ಎಲೆಕ್ಟ್ರಾನಿಕ್ಸ್ ಎಂದು ಯಾರಾದರೂ ಹಂಚಿದರೆ ಒಪ್ಪಬೇಡ. ಮಿಕ್ಸಿ ಬಿಚ್ಚಿ ಜೋಡಿಸುವುದು ನಿನಗಿಷ್ಟವೆಂದರೆ ಎಲೆಕ್ಟ್ರಾನಿಕ್ಸ್ ನಿನ್ನದು. ತಮ್ಮನಿಗೆ ಹೊಲಿಗೆ ಇಷ್ಟವಾದರೆ ಅವನು ಹೊಲಿಯಲಿ.

ಮುಂದಿನ ದಾರಿಯೂ ಗೊತ್ತಿರಲಿ. ಎಸ್ಸೆಸ್ಸೆಲ್ಸಿ ನಂತರ ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ. ವೆಲ್ಡರ್ ಒಂದು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಅದಾದ ಮೇಲೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಮೆಸ್ಕಾಂನಂಥ ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಅಂಕವನ್ನೂ ನೋಡುತ್ತಾರೆ, ಕಂಬವನ್ನೂ ಹತ್ತಿಸುತ್ತಾರೆ. ಹಾಗಾಗಿ ಅಂಕ ಬೇಡವೇ ಬೇಡ ಎಂದು ಹೇಳುವ ಧೈರ್ಯ ಈ ಪತ್ರಕ್ಕಿಲ್ಲ. ಮೊದಲ ಆಯ್ಕೆಯೇ ಕೊನೆಯದೆಂದೂ ಹೆದರಬೇಡ. ತೀರ್ಥಹಳ್ಳಿ ಕಡೆಯ ಕೆಸಲೂರಿನ ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಓದಿದ್ದು ಬಿ.ಫಾರ್ಮ. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅವರು ನಿರ್ದೇಶಿಸಿದ ‘ಘಟಶ್ರಾದ್ಧ’ 1977ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅವರಿಗೆ ಸೋದರಮಾವನಾಗಿ ಸುಬ್ಬಣ್ಣ ಇದ್ದರು. ಪುಸ್ತಕ, ನಾಟಕ, ಸಿನಿಮಾದ ಮಾತು ಬಾಲ್ಯದಿಂದಲೇ ಕಿವಿಗೆ ಬೀಳುತ್ತಿತ್ತು. ನಿನಗೆ ಅಂಥ ಮಾವ ಇಲ್ಲದಿದ್ದರೂ ಹೆಗ್ಗೋಡು ದೂರವಿಲ್ಲ.

ನಿನ್ನ ಶಾಲೆಯಲ್ಲಿ ವೃತ್ತಿ ವಿಷಯವೇ ಇಲ್ಲವೆಂದಾದರೆ ಸುಮ್ಮನಾಗಬೇಡ. ಪರೀಕ್ಷಾ ಮಂಡಳಿ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿಯುವ ಆಸೆ ಇದ್ದರೆ ಕೈ ಪಳಗಿಸಲು ಅದು ಒಳ್ಳೆಯ ಆರಂಭ. ಸಂಗೀತಕ್ಕೆ ಜೂನಿಯರ್, ಸೀನಿಯರ್ ಪರೀಕ್ಷೆಗಳಿವೆ. ಘಟ್ಟ ಇಳಿದರೆ ಹೊನ್ನಾವರದ ಕಡೆ ಯಕ್ಷಗಾನ. ಪ್ರತಿಭಾ ಕಾರಂಜಿಯನ್ನೂ ಬಹುಮಾನಕ್ಕೆಂದು ಒಂದು ದಿನ ಓಡುವ ಓಟವಾಗಿಸಿಕೊಳ್ಳದೆ, ಜೂನ್‌ನಿಂದಲೇ ತಯಾರಿಗೆ ನೆಪ ಮಾಡಿಕೊ.

ಕೊನೆಗೆ ಒಂದು ಕೆಲಸ. ಒಂಬತ್ತರಲ್ಲಿ ಹಿಡಿದ ವಿಷಯವನ್ನು ಹತ್ತರಲ್ಲೂ ಓದಬೇಕಾಗುತ್ತದೆ. ಆದ್ದರಿಂದ ಬೇಸಿಗೆ ರಜೆ ಬರುವ ಮೊದಲೇ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೆಡ್‌ಮಾಸ್ಟರರ ಬಳಿ ಹೋಗು. ಯಾವ ವಿಷಯ ಇದೆ, ಯಾರು ಕಲಿಸುತ್ತಾರೆ, ಕೋಣೆ ಎಲ್ಲಿದೆ ಎಂದು ನೀನೇ ಬಾಯಿಬಿಟ್ಟು ಕೇಳು. ಅವರು ಏನೆಂದರು ಎಂದು ನನಗೆ ಬರೆ.

ನಿನ್ನ
ದೊಡ್ಡಪ್ಪ