ಮಳೆಗಾಲ ಕಳೆದು ಉಳಿದ ಟೆನಿಸ್

ಮಂಗಳೂರಿನಲ್ಲಿ ಟೆನಿಸ್ ಹನ್ನೆರಡು ತಿಂಗಳ ಆಟವಲ್ಲ. ಅದರ ಶುಲ್ಕ ಮಾತ್ರ ಹನ್ನೆರಡು ತಿಂಗಳದ್ದು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿದು, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ–ನೇಮಗಳು ನಿಲ್ಲುತ್ತವೆ. ಕೆಂಪು ಮಣ್ಣಿನ ಟೆನಿಸ್ ಕೋರ್ಟಿಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಪತ್ತನಾಜೆ. ನೆಟ್ ಬಿಚ್ಚಿ ಒಳಗಿಡುತ್ತಾರೆ. ಗೆರೆಗಳಿದ್ದ ಜಾಗದಲ್ಲಿ ನೀರು ನಿಲ್ಲುತ್ತದೆ. ಮತ್ತೆ ರೋಲರ್ ಉರುಳುವುದು ದಸರಾ ಆಸುಪಾಸಿನಲ್ಲಿ.

ಹೀಗಾಗಿ ಈ ಊರಿನ ಹವ್ಯಾಸಿ ಆಟಗಾರನ ಮೊದಲ ಲೆಕ್ಕ ಭಾಗಾಕಾರದ್ದು. ಕ್ಲಬ್ಬಿನ ವಾರ್ಷಿಕ ಖರ್ಚು 18,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,500, ಪರವಾಗಿಲ್ಲ ಅನಿಸುತ್ತದೆ. ಆಡಲು ಸಿಗುವ ಎಂಟು ತಿಂಗಳಿಂದ ಭಾಗಿಸಿದರೆ 2,250. ವಾರಕ್ಕೆ ಮೂರು ಗಂಟೆ ಆಡುವವನಿಗೆ ಗಂಟೆಗೆ ಇನ್ನೂರು ರೂಪಾಯಿಯೊಳಗೆ ಬೀಳುತ್ತದೆ. ಭಾನುವಾರ ಮಾತ್ರ ಒಂದು ಗಂಟೆ ಬರುವವನಿಗೆ ಅದೇ ಗಂಟೆ ಐನೂರು ದಾಟುತ್ತದೆ. ಒಂದೇ ರಸೀದಿ, ಒಂದೇ ಕೋರ್ಟ್, ಆದರೂ ಇಬ್ಬರು ಕೊಟ್ಟ ಬೆಲೆ ಬೇರೆ.

ಈ ಅಂಕಣಕಾರ ಟೆನಿಸ್‌ಗೆ ಬಂದದ್ದು ನಲವತ್ತು ದಾಟಿದ ಮೇಲೆ. ಪ್ಯಾಂಟಿನ ಅಳತೆ, ರಕ್ತಪರೀಕ್ಷೆಯ ವರದಿ ಎರಡೂ ಒಟ್ಟಿಗೆ ದಪ್ಪವಾಗುತ್ತಿದ್ದ ಕಾಲವದು. ಗುರಿಯೇನೂ ದೊಡ್ಡದಲ್ಲ. ಡಬಲ್ಸ್‌ನ ಮೂರನೇ ಸೆಟ್ಟಿನಲ್ಲಿ ಏದುಸಿರು ಬಿಡದೆ ಸರ್ವ್ ಮಾಡಬೇಕು, ಎರಡನೇ ಸರ್ವ್ ನೆಟ್ಟಿನ ಆಚೆ ಬೀಳಬೇಕು. ಹಣದ ವಿಷಯ ಬರೆದೇ ಬದುಕುವವನಾದ್ದರಿಂದ ಆಟಕ್ಕೂ ಒಂದು ಖಾತೆ ತೆರೆದ. ಆ ಖಾತೆಯಲ್ಲಿ ಅವನು ಬರೆಯುವುದು ತಿಂಗಳ ಖರ್ಚನ್ನಲ್ಲ, ಕೋರ್ಟಿನಲ್ಲಿ ಕಳೆದ ಒಂದು ಗಂಟೆಗೆ ಬಿದ್ದ ಖರ್ಚನ್ನು.

ಈ ಅಳತೆಗೋಲಿನ ಹಿಂದೆ ಒಂದು ಹೆಸರಾಂತ ಅಧ್ಯಯನವಿದೆ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಉಲ್ರಿಕ್ ಮಾಲ್ಮೆಂಡಿಯರ್ ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿಯನ್ನು ಮೂರು ವರ್ಷ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟಿದವರು ತಿಂಗಳಿಗೆ ಸರಾಸರಿ 4.3 ಸಲ ಮಾತ್ರ ಹೋಗಿದ್ದರು. ಒಂದು ಭೇಟಿಗೆ 17 ಡಾಲರ್ ದಾಟಿತ್ತು. ಹತ್ತು ಸಲದ ಪಾಸ್ ಕೊಂಡಿದ್ದರೆ ಅದೇ ಭೇಟಿ 10 ಡಾಲರ್‌ಗೆ ಸಿಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಏಳುವ ತನ್ನ ಶಕ್ತಿಯ ಮೇಲೆ ಮನುಷ್ಯನಿಗಿರುವ ವಿಶ್ವಾಸಕ್ಕೆ ಬಾಸ್ಟನ್ ಆದರೇನು, ಮಂಗಳೂರಿನ ಬಿಜೈ ಆದರೇನು! ಹೊಸದಾಗಿ ಆಡಲು ಹೊರಟವರಿಗೆ ಅಂಕಣಕಾರನ ಸಲಹೆ ಇಷ್ಟೆ: ಮೊದಲ ಸೀಸನ್ ಗಂಟೆಗಿಷ್ಟು ಎಂದು ಕೊಟ್ಟು ಆಡಿ, ಅತಿಥಿಯಾಗಿಯಾದರೂ ಸರಿ, ದುಬಾರಿ ಅನಿಸಿದರೂ ಸರಿ. ಏಪ್ರಿಲ್‌ನ ಸೆಕೆಯಲ್ಲೂ ಬರುತ್ತೀರಿ ಅಂತಾದರೆ ಆಮೇಲೆ ವರ್ಷದ ಹಣ ಕಟ್ಟಿ. ಮೇ ತಿಂಗಳಲ್ಲಿ ಯಾರಾದರೂ ವಾರ್ಷಿಕ ಶುಲ್ಕದಲ್ಲಿ ರಿಯಾಯಿತಿ ಅಂದರೆ ಒಮ್ಮೆ ಆಕಾಶ ನೋಡಿ.

ಇನ್ನು ರ‍್ಯಾಕೆಟ್ಟಿನ ವಿಚಾರ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆಗೆ ಮುನ್ನ 20,000 ರೂಪಾಯಿ ಇರುವ ರ‍್ಯಾಕೆಟ್ ಮೇಲೆ 1,400 ರೂಪಾಯಿ ಉಳಿತಾಯ. ಈ ಉಳಿತಾಯವನ್ನು ಪಡೆಯಲೆಂದೇ ಉಳಿದ ಇಪ್ಪತ್ತೊಂದು ಸಾವಿರ ಖರ್ಚು ಮಾಡುವ ಉತ್ಸಾಹ ಕ್ಲಬ್ಬಿನ ಬೆಂಚಿನಲ್ಲಿ ಆಗಾಗ ಕಾಣುತ್ತದೆ. ಅಂಥದೊಂದು ಚರ್ಚೆ ನಡೆದಿದ್ದಾಗ ಪಕ್ಕದಲ್ಲಿ ಚೆಂಡು ಹೆಕ್ಕುತ್ತಿದ್ದ ಮಾರ್ಕರ್ ತಲೆಯೆತ್ತದೆ ಒಂದು ಮಾತು ಹೇಳಿದರು: “ಸರ್, ನೀವು ಬಾಲಿನ ಹತ್ತಿರ ಹೋಗುವುದಿಲ್ಲ. ಬಾಲ್ ನಿಮ್ಮ ಹತ್ತಿರ ಬರಲಿ ಅಂತ ನಿಲ್ತೀರಿ. ಹೊಸ ಬ್ಯಾಟ್ ತಂದ್ರೆ ಕಾಲು ಹೊಸತಾಗ್ತದಾ?”

ಮಾರ್ಕರ್ ಅಂದರೆ ಯಾರೆಂದು ಹೊರಗಿನವರಿಗೆ ಹೇಳಬೇಕು. ನಮ್ಮ ಹಳೆಯ ಕ್ಲಬ್ಬುಗಳಲ್ಲಿ ಸದಸ್ಯರ ಜೊತೆ ಆಡಲು, ಚೆಂಡು ಹಾಕಿ ಅಭ್ಯಾಸ ಮಾಡಿಸಲು ಇರುವ ಆಟಗಾರ ಅವರು. ಬಹಳ ಮಂದಿ ಚಿಕ್ಕಂದಿನಲ್ಲಿ ಬಾಲ್ ಬಾಯ್ ಆಗಿ ಬಂದು, ಬೇರೆಯವರು ಬಿಟ್ಟ ರ‍್ಯಾಕೆಟ್ಟಿನಲ್ಲಿ ಕಲಿತವರು. ವಿಸಿಟಿಂಗ್ ಕಾರ್ಡ್ ಇರುವುದಿಲ್ಲ, ಸರ್ಟಿಫಿಕೇಟೂ ಇಲ್ಲದಿರಬಹುದು. ಆದರೆ ಒಂದೇ ಜಾಗಕ್ಕೆ ನೂರು ಚೆಂಡು ಹಾಕಬಲ್ಲರು. ಗಂಟೆಗೆ 400 ರೂಪಾಯಿ ಅಂದುಕೊಂಡರೂ ಆ ರ‍್ಯಾಕೆಟ್ಟಿನ ದುಡ್ಡಿನಲ್ಲಿ ಐವತ್ತು ಗಂಟೆ ಸಿಗುತ್ತದೆ. ವಾರಕ್ಕೊಂದರಂತೆ ಇಡೀ ಸೀಸನ್ ಮುಗಿದು ಮತ್ತೂ ಮಿಗುತ್ತದೆ. ಅಂಕಣಕಾರನ ಎರಡನೇ ಸರ್ವ್ ಸರಿಯಾದದ್ದು ಹೀಗೇ. ಬುಟ್ಟಿ ತುಂಬ ಹಳೆಯ ಚೆಂಡು, ಎದುರಿಗೆ ಯಾರೂ ಇಲ್ಲ, ಪಕ್ಕದಲ್ಲಿ ಮಾರ್ಕರ್, ಚೆಂಡನ್ನು ಮೇಲಕ್ಕೆಸೆಯುವ ಕೈಯ ಬಗ್ಗೆ ಒಂದೇ ಟೀಕೆ, ಮತ್ತೆ ಮತ್ತೆ. ಬೇಸರದ ಕೆಲಸ, ನಿಜ. ಈ ಕೆಲಸಕ್ಕೆ ಯಾವ ಜಾಹೀರಾತೂ ಬರುವುದಿಲ್ಲ ಎನ್ನುವುದೂ ನಿಜ.

ರ‍್ಯಾಕೆಟ್ಟಿನಲ್ಲಿ ಬದಲಾಯಿಸಲೇಬೇಕಾದದ್ದು ಅದರ ತಂತಿ, ಅಂದರೆ ಗಟ್. ವಾರಕ್ಕೆ ಎಷ್ಟು ಸಲ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಮಾಡಿಸಿ ಎನ್ನುವುದು ಆಟಗಾರರಲ್ಲಿ ಹಳೆಯ ರೂಢಿ. ಟಿವಿಯಲ್ಲಿ ಕಾಣುವ ವೃತ್ತಿಪರರು ಪಾಲಿಯೆಸ್ಟರ್ ಗಟ್ ಹಾಕಿಸುತ್ತಾರೆ ಅಂತ ನಮ್ಮವರೂ ಹಾಕಿಸಿಕೊಳ್ಳುತ್ತಾರೆ. ಅದು ಗಡಸು, ಬಿಗಿ ಬೇಗ ಕಳೆದುಕೊಳ್ಳುತ್ತದೆ, ಆದರೆ ಸುಲಭಕ್ಕೆ ಹರಿಯುವುದಿಲ್ಲ. ಹರಿಯದ್ದನ್ನು ಬದಲಾಯಿಸಲು ಮನಸ್ಸು ಬಾರದೆ ಸತ್ತ ಗಟ್ಟಿನಲ್ಲೇ ತಿಂಗಳುಗಟ್ಟಲೆ ಹೊಡೆಯುತ್ತಾರೆ, ಆ ಪೆಟ್ಟು ಮೊಣಕೈಗೆ ಬೀಳುತ್ತದೆ. ಪ್ರಾಣಿಯ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್ ತೋಳಿಗೆ ಬಹಳ ಹಿತ, ಆದರೆ ದುಬಾರಿ. ಮೇಲಾಗಿ ತೇವ ಅದಕ್ಕೆ ಆಗದು. ಕಡಲ ಪಕ್ಕದ ಊರಿನಲ್ಲಿ ಅದಕ್ಕೆ ಹಣ ಹಾಕುವುದು ವ್ಯರ್ಥ. ಮೆದುವಾದ ನೈಲಾನ್ ಮಲ್ಟಿಫಿಲಮೆಂಟ್ ಗಟ್, ಸ್ವಲ್ಪ ಸಡಿಲ ಬಿಗಿ, ಇಷ್ಟು ನಮ್ಮಂಥವರಿಗೆ ಸಾಕು.

ಮೊಣಕೈ ಅಂದಮೇಲೆ ವಿಮೆಯ ಮಾತು ಬರಲೇಬೇಕು. ಟೆನಿಸ್ ಎಲ್ಬೋ ಎಂಬ ನೋವು ಮೊಣಕೈಯ ಹೊರಮಗ್ಗುಲಿನ ಸ್ನಾಯುರಜ್ಜುವಿನದು. ಬಳಲುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಬಡಗಿ, ಪೇಂಟರ್, ಬಟ್ಟೆ ಹಿಂಡುವವರು, ಹೀಗೆ ಯಾರಿಗಾದರೂ ಬರಬಹುದು. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನೂ ಕಾಡಿತ್ತು. ಚಿಕಿತ್ಸೆ ಬಹುತೇಕ ಫಿಸಿಯೋಥೆರಪಿ, ವಿಶ್ರಾಂತಿ, ತಿಂಗಳುಗಳ ಸಹನೆ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದಾಗ ದುಡ್ಡು ಕೊಡುತ್ತದೆ. ಹೊರರೋಗಿಯಾಗಿ ಹೋದ ಫಿಸಿಯೋ ಬಿಲ್ಲು ಒಪಿಡಿ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ನಿಮ್ಮ ಜೇಬಿನಿಂದಲೇ ಹೋಗಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಹೋಯಿತಲ್ಲ, ಅಲ್ಲಿ ಉಳಿದದ್ದನ್ನು ಈ ಅಂಕಣಕಾರ ಫಿಸಿಯೋಗೆಂದು ಬೇರೆಯಾಗಿ ಇಡುತ್ತಾನೆ. ಹಳೆಯ ತೆರಿಗೆ ಪದ್ಧತಿಯಲ್ಲೇ ಇರುವವರಿಗೆ ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೆ, ಆರೋಗ್ಯ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿಯೂ ಇದೆ. ಕ್ಲಬ್ ಶುಲ್ಕಕ್ಕೆ, ಕೋಚಿಂಗ್‌ಗೆ ಅಂಥ ಯಾವ ವಿನಾಯಿತಿಯೂ ಇಲ್ಲ; ಕೇಳುವವರು ಮಾತ್ರ ಪ್ರತಿ ಮಾರ್ಚ್‌ನಲ್ಲಿ ಸಿಗುತ್ತಾರೆ.

ಮೊಣಕಾಲಿನ ಬಗ್ಗೆ ಹೇಳಲು ಕೊಡಗಿನ ಕಾಫಿ ಬೆಳೆಗಾರರ ಮಗನೊಬ್ಬನಿದ್ದಾನೆ. ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದ ಅತಿ ಹಿರಿಯನೂ ಅವರೇ. ಮೊಣಕಾಲಿನ ಕಾರ್ಟಿಲೇಜ್ ಸವೆದುಹೋಗಿದ್ದ ಅವರಿಗೆ ಕೋವಿಡ್ ಕಾಲದಲ್ಲಿ ಆಧಾರವಾದದ್ದು ಅಯ್ಯಂಗಾರ್ ಯೋಗ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ. ವೃತ್ತಿಪರರ ಹಿಂದೆ ಫಿಸಿಯೋ, ಕೋಚ್, ತಂಡವಿರುತ್ತದೆ, ನಮಗೂ ಅವರಿಗೂ ಹೋಲಿಕೆಯಿಲ್ಲ. ಆದರೂ ಒಂದು ಚಾಪೆ, ಒಂದು ಬೆಲ್ಟ್, ಗೋಡೆಯ ಆಸರೆ ಇದ್ದರೆ ಆಗುವ ಅಭ್ಯಾಸವದು. ನಮ್ಮ ಕ್ಲಬ್ಬಿನ ಐವತ್ತು ದಾಟಿದವರಲ್ಲಿ ಅರ್ಧಕ್ಕರ್ಧ ಮಂದಿ ದುಬಾರಿ ನೀ–ಕ್ಯಾಪ್ ಕಟ್ಟಿಕೊಂಡೇ ಇಳಿಯುತ್ತಾರೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡುವವರನ್ನು ಹುಡುಕಬೇಕು.

ಮಳೆಗಾಲದ ನಾಲ್ಕು ತಿಂಗಳ ನಿಜವಾದ ಉಪಯೋಗ ಇಲ್ಲಿದೆ. ಟೆನಿಸ್‌ನಲ್ಲಿ ಚೆಂಡು ಆಟದಲ್ಲಿರುವ ಹೊತ್ತು ಮಣ್ಣಿನ ಕೋರ್ಟಿನಲ್ಲೂ ಒಟ್ಟು ಸಮಯದ ಶೇ 20ರಿಂದ 30 ಮಾತ್ರ. ಸಾಮಾನ್ಯವಾಗಿ ಒಂದು ಪಾಯಿಂಟ್ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಹಾಗಾಗಿ ಐದು ಕಿಲೋಮೀಟರ್ ಒಂದೇ ಗತಿಯಲ್ಲಿ ಓಡುವುದಕ್ಕಿಂತ ಹತ್ತು ಸೆಕೆಂಡಿನ ಜೋರು, ಇಪ್ಪತ್ತು ಸೆಕೆಂಡಿನ ಬಿಡುವು ಈ ಆಟಕ್ಕೆ ಹತ್ತಿರ. ಹಗ್ಗ ಜಿಗಿಯಲು ಪೋರ್ಟಿಕೋ ಸಾಕು. ಮಳೆ ಬಿಟ್ಟ ಸಂಜೆ ಕದ್ರಿ ದೇವಸ್ಥಾನದ ಬಳಿಯ ಮೆಟ್ಟಿಲು ಹತ್ತಿ ಜೋಗಿ ಮಠದವರೆಗೆ ಹೋಗಿ ಬರುವುದುಂಟು, ಪಾಚಿ ಹಿಡಿದ ದಿನ ಬಿಟ್ಟು. ಅಂಥ ದಿನಕ್ಕೆ ಫ್ಲ್ಯಾಟಿನ ಮೆಟ್ಟಿಲೇ ಗತಿ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ದೇಹಕ್ಕೆ ವಿಶ್ರಾಂತಿ ಬೇಕೆಂದು ಹಿರಿಯರು ಗೊಣಗಿದರೆ ಪಾಲೆ ಮರದ ತೊಗಟೆಯ ಕಷಾಯ ಕುಡಿದು ಮುಂದುವರಿಯಬಹುದು. ಜಿಮ್ ಸೇವೆಯ ಜಿಎಸ್‌ಟಿಯೂ ಶೇ 18ರಿಂದ 5ಕ್ಕೆ ಇಳಿದಿದೆ. ವರ್ಷದ ಪ್ಯಾಕೇಜ್ ಬೇಡ, ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಕೊಡುತ್ತೀರಾ ಅಂತ ಕೇಳಿದರೆ ಹಲವರು ಒಪ್ಪುತ್ತಾರೆ. ಕೇಳಲು ಸಂಕೋಚ ಬೇಡ.

ಆಟದ ದಿನ ಕುಡಿಯುವ ಪೋಷಕ ಪುಡಿಗಳ ಡಬ್ಬಗಳಿಗೆ ಈ ಖಾತೆಯಲ್ಲಿ ಜಾಗವಿಲ್ಲ. ನಮ್ಮ ಸೆಕೆಯಲ್ಲಿ ಗಂಟೆಗೆ ಒಂದು ಲೀಟರ್‌ಗೂ ಮೇಲೆ ಬೆವರು ಹೋಗುತ್ತದೆ, ಅದರ ಜೊತೆ ಉಪ್ಪು. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಆದ್ದರಿಂದ ಚಿಟಿಕೆ ಉಪ್ಪು ಬೇಕು. ಮನೆಗೆ ಬಂದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಮೊಟ್ಟೆಯೋ ಬಂಗುಡೆಯೋ ಇದ್ದರೆ ಹವ್ಯಾಸಿ ದೇಹದ ದುರಸ್ತಿಗೆ ಬೇಕಾದದ್ದೆಲ್ಲ ಆಯಿತು.

ಇಷ್ಟೆಲ್ಲ ಖರ್ಚಿಗೆ ಲಾಭವೇನು? 2018ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನ ಟೆನಿಸ್ ಪ್ರಿಯರ ಬಾಯಿಪಾಠ. 8,500ಕ್ಕೂ ಹೆಚ್ಚು ಜನರನ್ನು ಸುಮಾರು 25 ವರ್ಷ ಗಮನಿಸಿದಾಗ, ಕೂತೇ ಇರುವವರಿಗಿಂತ ಟೆನಿಸ್ ಆಡುವವರ ಆಯುಷ್ಯ 9.7 ವರ್ಷ ಹೆಚ್ಚಿತ್ತು. ಬ್ಯಾಡ್ಮಿಂಟನ್‌ಗೆ 6.2, ಈಜಿಗೆ 3.4, ಜಾಗಿಂಗ್‌ಗೆ 3.2. ಆದರೆ ಇದು ಗಮನಿಸಿದ ಅಧ್ಯಯನ, ಪ್ರಯೋಗವಲ್ಲ. ಟೆನಿಸ್ ಆಡಲು ದುಡ್ಡು, ಬಿಡುವು, ನಾಲ್ವರು ಗೆಳೆಯರು ಇರುವವರು ಹೇಗೂ ಹೆಚ್ಚು ಬದುಕುತ್ತಾರೆ ಎನ್ನುವ ಸಂಶಯ ಅಲ್ಲಗಳೆಯುವಂಥದ್ದಲ್ಲ. ಬರೇ ರೂಪಾಯಿಯ ಕಣ್ಣಿನಿಂದ ನೋಡಿದರೆ ಮಂಗಳೂರಿನವರು ಬ್ಯಾಡ್ಮಿಂಟನ್ ಆಡುವುದೇ ಜಾಣತನ. ಸೂರಿನ ಕೆಳಗಿನ ಆಟ, ಹನ್ನೆರಡು ತಿಂಗಳೂ ನಡೆಯುತ್ತದೆ. ಅಂಕಣಕಾರನಿಗೆ ಟೆನಿಸ್ ಇಷ್ಟ, ಅಷ್ಟೆ. ಇಷ್ಟಕ್ಕೆ ಹೆಚ್ಚುವರಿ ಬೆಲೆ ಕೊಡುತ್ತಿದ್ದೇನೆ ಎಂದು ಖಾತೆಯಲ್ಲಿ ಸ್ಪಷ್ಟವಾಗಿ ಬರೆದುಕೊಂಡಿದ್ದಾನೆ.

ಆ ಬೆಲೆ ಬರುವುದು ಪಿಗ್ಮಿಯಿಂದ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಲು ಶುರುಮಾಡಿದ ಯೋಜನೆ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ಪಿಗ್ಮಿ ಮಾತ್ರ ಕರಾವಳಿಯ ಸಹಕಾರಿ ಸಂಘಗಳಲ್ಲಿ ಇನ್ನೂ ಉಳಿದಿದೆ. ದಿನಕ್ಕೆ 50 ರೂಪಾಯಿಯಂತೆ ವರ್ಷಕ್ಕೆ 18,250 ಆಗುತ್ತದೆ. ಬಡ್ಡಿ ಕಡಿಮೆ, ಮೊಬೈಲಿನಲ್ಲೇ ಆರ್‌ಡಿ ತೆರೆದರೆ ಹೆಚ್ಚು ಸಿಗುತ್ತದೆ ಎಂದು ಓದುಗರು ಪತ್ರ ಬರೆಯುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಆಟದ ಹಣ ಮನೆ ಖರ್ಚಿನ ಖಾತೆಯಿಂದ ಬೇರೆ ಇರಬೇಕು. ಆಗ ಮಗಳ ಫೀಸಿನ ಜೊತೆ ಗಟ್ಟಿಂಗ್ ಖರ್ಚಿಗೆ ಜಗಳವಿರುವುದಿಲ್ಲ, ಹೆಂಡತಿಯ ಮುಂದೆ ವಿವರಣೆಯೂ ಚಿಕ್ಕದಾಗುತ್ತದೆ.

ಈ ವರ್ಷದ ಪಿಗ್ಮಿಯಲ್ಲಿ ದೊಡ್ಡ ಪಾಲು ಶೂಗೆ. ಟೆನಿಸ್‌ನಲ್ಲಿ ಓಟ ಹೆಚ್ಚಾಗಿ ಅಡ್ಡಕ್ಕೆ. ಓಡುವ ಶೂ ಹಾಕಿ ಬಂದವರು ಪಾದ ಉಳುಕಿಸಿಕೊಳ್ಳುತ್ತಾರೆ. ಮಣ್ಣಿನ ಕೋರ್ಟಿಗೆ ಅಡಿಯಲ್ಲಿ ಹೆರಿಂಗ್‌ಬೋನ್ ಗೆರೆಗಳಿರುವ ಶೂ ಬೇಕು, ಮಣ್ಣು ಅದರಲ್ಲಿ ಸಿಕ್ಕಿಕೊಳ್ಳದೆ ಉದುರುತ್ತದೆ. ಜುಲೈನಲ್ಲಿ ಆನ್‌ಲೈನ್ ಆಫರ್‌ಗಳು ಸಾಲುಗಟ್ಟಿ ಬರುತ್ತವೆ, ಆಗ ಕೊಂಡಿಟ್ಟರೆ ಕಡಿಮೆಗೆ ಸಿಕ್ಕಿತು ಅನಿಸುತ್ತದೆ. ಆದರೆ ಪಾಲಿಯುರೆಥೇನ್ ಸೋಲ್ ತೇವದ ಗಾಳಿಯಲ್ಲಿ ಬಳಸದೆ ಇಟ್ಟರೂ ಒಳಗೊಳಗೇ ಪುಡಿಯಾಗುತ್ತದೆ, ಅಂಟು ಬಿಡುತ್ತದೆ. ನಮ್ಮ ಕಪಾಟಿನಲ್ಲಿ ಆ ನಾಲ್ಕು ತಿಂಗಳು ಬೂಸ್ಟು ಹಿಡಿಯದ ವಸ್ತುವೇ ಅಪರೂಪ. ಅಕ್ಟೋಬರ್‌ನಲ್ಲಿ ಕೋರ್ಟಿಗೆ ರೋಲರ್ ಬಿದ್ದ ಮೇಲೆ, ಅಂಗಡಿಗೆ ಹೋಗಿ, ದಪ್ಪ ಸಾಕ್ಸ್ ಹಾಕಿಕೊಂಡು, ಸಂಜೆ ಹೊತ್ತಿನಲ್ಲಿ ಪಾದ ಸ್ವಲ್ಪ ಊದಿರುವಾಗ ಅಳತೆ ನೋಡಿ ಕೊಳ್ಳುವುದೆಂದು ಅಂಕಣಕಾರ ನಿಶ್ಚಯಿಸಿದ್ದಾನೆ. ಅಲ್ಲಿಯವರೆಗೆ ಆ ಹಣ ಸಂಘದಲ್ಲೇ ಇರಲಿ.